ನಿರಾಶ್ರಿತರ ಜೊತೆ ದೂರದಿಂದ ಇಂಟರ್ನ್‌ಶಿಪ್: ಮೊದಲ ಕರೆ ಕೆಡದಂತೆ ಮಾಡುವುದು ಹೇಗೆ?

ಮನೆಯಲ್ಲೇ ಕೂತು ನಿರಾಶ್ರಿತರಿಗೆ ನೆರವಾಗುವ ಇಂಟರ್ನ್‌ಶಿಪ್‌ಗೆ ಬರುವ ಸಮಾಜಕಾರ್ಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಎಡವುವುದು ಮೊದಲ ಫೋನ್ ಕರೆಯಲ್ಲಿ. ಓದಿರುತ್ತಾರೆ, ಕಾಳಜಿಯೂ ಇರುತ್ತದೆ. ಆದರೆ ಆ ಕಡೆಯವರು ಹಲೋ ಅಂದ ಕೂಡಲೇ ‘ನಿಮಗೆ ಏನಾಯ್ತು, ಮೊದಲಿಂದ ಹೇಳಿ’ ಅಂತ ಶುರು ಮಾಡಿಬಿಡುತ್ತಾರೆ. ಪಕ್ಕದಲ್ಲಿ ಯಾರಿದ್ದಾರೆ, ಫೋನ್ ಸ್ಪೀಕರಿನಲ್ಲಿದೆಯಾ ಅಂತ ಕೇಳಿರುವುದೇ ಇಲ್ಲ. ಸೂಪರ್‌ವೈಸರ್ ಆಗಿ ಕೇಳಿಸಿಕೊಳ್ಳುತ್ತಾ ಕೂತ ನಾನು ಇಂಥ ಕರೆಗಳನ್ನು ಎಷ್ಟೋ ಸಲ ಅರ್ಧಕ್ಕೇ ನಿಲ್ಲಿಸಿದ್ದೇನೆ.

ಹಂತ 1: ಜಾಗ ಹುಡುಕಿ

ಮೊದಲು ನಿಮ್ಮ ಕಾಲೇಜಿನಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಫೀಲ್ಡ್‌ವರ್ಕ್ ಗಂಟೆಗಳ, ಅಂದರೆ ಕೋರ್ಸಿಗೆ ಬೇಕಾದ ಪ್ರಾಯೋಗಿಕ ಕೆಲಸದ ಗಂಟೆಗಳ, ಲೆಕ್ಕ ಸಣ್ಣದಲ್ಲ. ಅಮೆರಿಕದಲ್ಲಿ ಪದವಿಗೆ ಕನಿಷ್ಠ 400, ಸ್ನಾತಕೋತ್ತರ ಪದವಿಗೆ 900 ಗಂಟೆ ಬೇಕು. ಆನ್‌ಲೈನ್ ಗಂಟೆ ಲೆಕ್ಕಕ್ಕಿಲ್ಲ ಅಂತ ಕೊನೆಗೆ ಗೊತ್ತಾದರೆ ಅಳುವುದೊಂದೇ ದಾರಿ. ವಿಶ್ವಸಂಸ್ಥೆಯ ಸ್ವಯಂಸೇವಕರ ವಿಭಾಗ 2000ದಿಂದ ಆನ್‌ಲೈನ್ ಸ್ವಯಂಸೇವೆ ನಡೆಸುತ್ತಿದೆ. ಅಲ್ಲಿ ಅನುವಾದ, ವಿನ್ಯಾಸ, ಬರವಣಿಗೆಯಂಥ ಕೆಲಸಗಳೇ ಜಾಸ್ತಿ. ಅನುಭವಕ್ಕೆ ಒಳ್ಳೆಯದು, ಆದರೆ ಅದನ್ನು ಫೀಲ್ಡ್‌ವರ್ಕ್ ಅಂದುಕೊಳ್ಳಬೇಡಿ.

ಸಂಸ್ಥೆಗೆ ಎರಡೇ ಪ್ರಶ್ನೆ ಕೇಳಿ. ವಾರಕ್ಕೊಮ್ಮೆ ನನ್ನ ಜೊತೆ ಕೂತು ಮಾತಾಡುವ ಸೂಪರ್‌ವೈಸರ್ ಯಾರು? ಕರೆಯ ಮಧ್ಯೆ ತುರ್ತು ಬಂದರೆ ಯಾರಿಗೆ ಹೇಳಬೇಕು? ತಡವರಿಸಿದರೆ ಆ ಜಾಗ ಬೇಡ. ಸರ್ಟಿಫಿಕೇಟಿಗೆ ಮುಂಗಡ ದುಡ್ಡು ಕೇಳುವವರಂತೂ ಬೇಡವೇ ಬೇಡ.

ಹಂತ 2: ಇಷ್ಟು ಓದಿ

1951ರ ನಿರಾಶ್ರಿತರ ಒಪ್ಪಂದ ಮತ್ತು 1967ರ ಪ್ರೋಟೊಕಾಲ್. ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ: ಈ ಐದರಲ್ಲಿ ಯಾವುದರಿಂದಲಾದರೂ ಕಿರುಕುಳದ ಭಯವಿದ್ದು ದೇಶ ಬಿಟ್ಟವರು ನಿರಾಶ್ರಿತರು. ಅರ್ಜಿ ಇನ್ನೂ ತೀರ್ಮಾನವಾಗದವರು ಆಶ್ರಯ ಕೋರಿದವರು. ಜೀವಕ್ಕೆ ಅಪಾಯವಿರುವ ಕಡೆಗೆ ವಾಪಸ್ ಕಳಿಸಬಾರದು ಅನ್ನುವುದು 33ನೇ ವಿಧಿ. ಎಲ್ಲ ದೇಶಗಳೂ ಇದಕ್ಕೆ ಸಹಿ ಹಾಕಿಲ್ಲ. ಹಾಗಾಗಿ ಒಂದು ಕಡೆ ಸಿಗುವ ಸೌಲಭ್ಯ ಇನ್ನೊಂದು ಕಡೆ ಸಿಗುವುದಿಲ್ಲ. ಇದನ್ನೆಲ್ಲ ಓದುವುದು ಕಾನೂನು ಸಲಹೆ ಕೊಡಲು ಅಲ್ಲ, ಕೊಡದೇ ಇರಲು.

ಜೊತೆಗೆ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಓದಿ. ನೋಡಿ, ಕೇಳಿ, ಬೇಕಾದ ಸಹಾಯಕ್ಕೆ ಜೋಡಿಸಿ ಅನ್ನುವುದು ಅದರ ತಿರುಳು. ಫೋನಿನಲ್ಲಿ ನೋಡಲು ಆಗುವುದಿಲ್ಲವಲ್ಲ, ಅದನ್ನೂ ಕಿವಿಯೇ ಮಾಡಬೇಕು.

ಹಂತ 3: ಕೋಣೆ, ಫೋನ್

ಬಾಗಿಲು ಹಾಕಿ, ಹೆಡ್‌ಫೋನ್ ಹಾಕಿ, ಸಂಸ್ಥೆ ಕೊಟ್ಟ ನಂಬರಿನಿಂದಲೇ ಮಾತಾಡಿ. ನಿಮ್ಮ ಸ್ವಂತ ವಾಟ್ಸ್‌ಆ್ಯಪ್ ಬೇಡ. ನಿಮ್ಮ ಫೋಟೊ, ಸ್ಟೇಟಸ್ ಅವರಿಗೆ ಕಾಣಬಹುದು. ರಾತ್ರಿ ಎರಡಕ್ಕೆ ಬಂದ ಮೆಸೇಜಿಗೆ ನೀವು ಉತ್ತರಿಸುತ್ತೀರಿ, ಆಮೇಲೆ ಒಂದು ದಿನ ಉತ್ತರಿಸುವುದಿಲ್ಲ. ಆ ಒಂದು ದಿನ ಅವರಿಗೆ ತುಂಬ ದೊಡ್ಡದು. ಮಾತನ್ನು ತಾನೇ ಬರೆದುಕೊಳ್ಳುವ ಉಚಿತ ಆ್ಯಪ್‌ಗಳನ್ನು ಈ ಕೆಲಸಕ್ಕೆ ಹತ್ತಿರವೂ ಸೇರಿಸಬೇಡಿ. ಅಡಗಿಕೊಂಡಿರುವ ಒಬ್ಬರ ಮಾತು ಯಾವ ದೇಶದ ಯಾವ ಸರ್ವರಿನಲ್ಲಿ ಕೂರುತ್ತದೋ ಯಾರಿಗೆ ಗೊತ್ತು?

ಹಂತ 4: ದುಭಾಷಿ

‘ಅರೇಬಿಕ್ ದುಭಾಷಿ ಬೇಕು’ ಅಂದರೆ ಸಾಲದು. ಮೊರಾಕೊದ ಅರೇಬಿಕ್ ಬೇರೆ, ಸುಡಾನಿನದು ಬೇರೆ. ಕುರ್ದಿಶ್ ಅಂದರೆ ಕುರ್ಮಾಂಜಿಯೋ ಸೊರಾನಿಯೋ? ರೋಹಿಂಗ್ಯಾ ಮಾತಾಡುವವರಿಗೆ ಬಂಗಾಳಿ ದುಭಾಷಿ ಸಾಕು ಅಂತ ಊಹಿಸಬೇಡಿ. ಹೆಣ್ಣುಮಕ್ಕಳಿಗೆ ಮಹಿಳಾ ದುಭಾಷಿ ಬೇಕಾ ಅಂತ ಮೊದಲೇ ಕೇಳಿ. ಭಾಷೆ ಒಂದೇ ಆದರೂ ಎದುರು ಪಂಗಡದವರಾಗಿದ್ದರೆ ಬಾಯಿ ಬಿಡುವುದಿಲ್ಲ.

ಮಕ್ಕಳನ್ನು ಮಾತ್ರ ದುಭಾಷಿ ಮಾಡಬೇಡಿ. ನಾನೂ ಒಮ್ಮೆ ಈ ತಪ್ಪು ಮಾಡಿದ್ದೇನೆ. ದುಭಾಷಿ ಕೈಕೊಟ್ಟರು ಅಂತ ತಾಯಿಯ ಮಾತನ್ನು ಹನ್ನೆರಡು ವರ್ಷದ ಮಗನ ಬಾಯಲ್ಲಿ ಕೇಳುತ್ತಿದ್ದೆ. ಒಂದು ಕಡೆ ತಾಯಿ ಬಹಳ ಹೊತ್ತು ಮಾತಾಡಿದರು. ಹುಡುಗ ಸುಮ್ಮನಾದ. ಅಮ್ಮ ಏನಂದರು ಅಂದೆ. ‘ಏನಿಲ್ಲ’ ಅಂದ.

ಅನುವಾದದ ಆ್ಯಪ್ ‘ಮಂಗಳವಾರ ಹತ್ತು ಗಂಟೆಗೆ ಕರೆ ಮಾಡುತ್ತೇವೆ’ ಅಂತ ಹೇಳಲು ಸಾಕು. ಅದಕ್ಕಿಂತ ಮುಂದೆ ನಂಬಬೇಡಿ.

ಕರೆಗೆ ಹತ್ತು ನಿಮಿಷ ಮೊದಲು ದುಭಾಷಿಯ ಜೊತೆ ಮಾತಾಡಿ. ಏನು ವಿಷಯ, ಯಾವ ಪದ ಕಷ್ಟ ಅಂತ ಹೇಳಿ. ಕರೆಯಲ್ಲಿ ‘ಅವರನ್ನು ಕೇಳಿ’ ಅನ್ನಬೇಡಿ, ನೇರವಾಗಿ ‘ನೀವು’ ಅನ್ನಿ. ಎರಡು ವಾಕ್ಯ ಹೇಳಿ, ನಿಲ್ಲಿಸಿ. ದುಭಾಷಿಯ ಜೊತೆ ನೀವಿಬ್ಬರೇ ಪಿಸುಗುಟ್ಟಬೇಡಿ.

ಹಂತ 5: ಮೊದಲ ಕರೆ

ಇಲ್ಲಿ ಆತುರ ಬೇಡ. ಮೊದಲ ಪ್ರಶ್ನೆಗಳಿಗೆ ಹೌದು, ಇಲ್ಲ ಅಂದರೆ ಸಾಕಾಗಬೇಕು, ಯಾಕೆಂದರೆ ಪಕ್ಕದಲ್ಲಿ ಯಾರಾದರೂ ಕೂತಿರಬಹುದು. ಈಗ ಮಾತಾಡಬಹುದಾ? ಹತ್ತಿರ ಯಾರಾದರೂ ಇದ್ದಾರಾ? ಸ್ಪೀಕರ್ ಆನ್ ಆಗಿದೆಯಾ? ಈ ಫೋನನ್ನು ಬೇರೆಯವರೂ ಬಳಸುತ್ತಾರಾ? ಆಮೇಲೆ ಒಂದು ಗುಟ್ಟಿನ ಮಾತು ಗೊತ್ತು ಮಾಡಿಕೊಳ್ಳಿ. ಅವರು ‘ಅದನ್ನು ನಾಳೆ ನೋಡೋಣ’ ಅಂದರೆ ಯಾರೋ ಬಂದಿದ್ದಾರೆ ಅಂತ ಅರ್ಥ, ನೀವು ಹವಾಮಾನದ ಮಾತಿಗೆ ಜಾರಬೇಕು. ಲೈನ್ ಕಟ್ ಆದರೆ ಯಾರು ಮರಳಿ ಕರೆ ಮಾಡಬೇಕು ಅನ್ನುವುದೂ ಆಗಲೇ ತೀರ್ಮಾನವಾಗಲಿ. ಈಗ ಎಲ್ಲಿದ್ದಾರೆ ಅಂತಲೂ ಕೇಳಿಕೊಳ್ಳಿ. ಅಪಾಯ ಎದುರಾದಾಗ ಸಹಾಯ ಎಲ್ಲಿಗೆ ಕಳಿಸಬೇಕು ಅಂತ ಗೊತ್ತಿಲ್ಲದೆ ಒದ್ದಾಡುವುದಕ್ಕಿಂತ ಇದು ಮೇಲು.

ನಂತರ ನೀವು ಯಾರು ಅಂತ ಹೇಳಿ. ‘ನಾನು ತರಬೇತಿಯಲ್ಲಿದ್ದೇನೆ’ ಅನ್ನಲು ನಾಚಿಕೆ ಬೇಡ. ನಿಮ್ಮ ಕೈಲಿ ಆಗದ್ದನ್ನು ಮೊದಲೇ ಹೇಳಿ. ಆಶ್ರಯದ ತೀರ್ಮಾನ ನಿಮ್ಮದಲ್ಲ, ಬೇರೆ ದೇಶಕ್ಕೆ ಕಳಿಸುವ ಅಧಿಕಾರವೂ ಇಲ್ಲ. ಇದೆಲ್ಲ ಉಚಿತ ಅಂತಲೂ ಹೇಳಿ. ಯುಎನ್‌ಎಚ್‌ಸಿಆರ್ (ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ) ಸೇವೆಗೆ ದುಡ್ಡು ಕೇಳುವ ದಲ್ಲಾಳಿಗಳಿದ್ದಾರೆ, ಆ ಸೇವೆಗೆ ಯಾವತ್ತೂ ದುಡ್ಡಿಲ್ಲ.

ಒಪ್ಪಿಗೆ ಅಂದರೆ ಫಾರ್ಮ್ ಓದಿ ‘ಓಕೆನಾ?’ ಅನ್ನುವುದಲ್ಲ. ಅಧಿಕಾರಿಗಳ ಮುಂದೆ ಹೂಂ ಅಂದೂ ಅಂದೂ ರೂಢಿಯಾದವರು ನಿಮಗೂ ಹೂಂ ಅನ್ನುತ್ತಾರೆ. ನೀವು ಹೇಳಿದ್ದನ್ನು ಅವರ ಮಾತಿನಲ್ಲೇ ತಿರುಗಿ ಹೇಳಿಸಿ. ಯಾವ ಪ್ರಶ್ನೆಗಾದರೂ ಬೇಡ ಅನ್ನಬಹುದು, ಅದರಿಂದ ಸಹಾಯ ನಿಲ್ಲುವುದಿಲ್ಲ ಅನ್ನಿ. ಹೇಳಿದ್ದು ಗುಟ್ಟಾಗಿರುತ್ತದೆ, ಆದರೆ ಜೀವಕ್ಕೆ ಅಥವಾ ಮಗುವಿಗೆ ಅಪಾಯವಿದ್ದರೆ ಸೂಪರ್‌ವೈಸರಿಗೆ ಹೇಳಲೇಬೇಕಾಗುತ್ತದೆ ಅಂತಲೂ ತಿಳಿಸಿ.

ಈಗ ಕೇಳಬೇಕಾದದ್ದು ಒಂದೇ: ‘ಈ ವಾರ ಎಲ್ಲಕ್ಕಿಂತ ಕಷ್ಟವಾಗಿರುವುದು ಯಾವುದು?’ ಮಗುವಿಗೆ ಜ್ವರ ಇರಬಹುದು, ಬಾಡಿಗೆ ಇರಬಹುದು. ಕಥೆ ಕೇಳಬೇಡಿ. ನೋಂದಣಿಯಲ್ಲಿ, ಸಂದರ್ಶನದಲ್ಲಿ, ವಕೀಲರಿಗೆ, ಡಾಕ್ಟರಿಗೆ ಅವರು ಅದನ್ನು ಹೇಳಿ ಹೇಳಿ ಸಾಕಾಗಿದ್ದಾರೆ. ನಿಮಗಾಗಿ ಇನ್ನೊಮ್ಮೆ ಗಾಯ ಕೆದಕಬೇಕಾ? ಇನ್ನೊಂದು ಕಾರಣವೂ ಇದೆ. ಆಶ್ರಯದ ಅರ್ಜಿಯಲ್ಲಿ ಹೇಳಿಕೆಗಳು ಒಂದಕ್ಕೊಂದು ಹೊಂದದಿದ್ದರೆ ನಂಬಿಕೆ ಕಡಿಮೆಯಾಗುತ್ತದೆ. ನೀವು ಅರೆಬರೆ ಕೇಳಿ ತಪ್ಪು ಬರೆದ ಒಂದು ತಾರೀಕು ಅವರಿಗೇ ತಿರುಗಿಕೊಳ್ಳಬಹುದು. ತಾವಾಗಿ ಹೇಳತೊಡಗಿದರೆ ಮಾತ್ರ ಕೇಳಿ, ಕೆದಕಬೇಡಿ, ತಡೆಯಬೇಡಿ.

ಮೌನ ಬಂದರೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ‘ನನಗೆ ಅರ್ಥವಾಗುತ್ತೆ’ ಬೇಡ, ಆಗಿರುವುದಿಲ್ಲ. ‘ಎಲ್ಲ ಸರಿಹೋಗುತ್ತೆ’ ಅಂತೂ ಬೇಡವೇ ಬೇಡ. ಸಾಯುವ ಮಾತು ಬಂದರೆ ವಿಷಯ ಬದಲಿಸಬೇಡಿ, ಆ ಯೋಚನೆ ಇದೆಯಾ ಅಂತ ನೇರವಾಗಿ ಕೇಳಿ. ಲೈನ್ ಬಿಡದೆ ಇನ್ನೊಂದು ಕಡೆಯಿಂದ ಸೂಪರ್‌ವೈಸರಿಗೆ ತಿಳಿಸಿ.

ಫೋನ್ ಇಡುವ ಮುಂಚೆ ಮುಂದಿನ ಕರೆ ಯಾವಾಗ, ಅಷ್ಟರಲ್ಲಿ ನೀವು ಏನು ಮಾಡುತ್ತೀರಿ ಅಂತ ಹೇಳಿ. ಈಗ ಫೋನ್ ಇಟ್ಟು ಏನು ಮಾಡುತ್ತೀರಿ ಅಂತ ಅವರನ್ನೂ ಕೇಳಿ. ಆ ಉತ್ತರದಿಂದ ಅವರ ಸ್ಥಿತಿ ಚೆನ್ನಾಗಿ ಗೊತ್ತಾಗುತ್ತದೆ.

ಹಂತ 6: ಬರೆದಿಡಿ

ಅದೇ ದಿನ ಬರೆಯಿರಿ. ಹೆಸರಿನ ಕಾಗುಣಿತ ‘ಸರಿ’ ಮಾಡಬೇಡಿ, ದಾಖಲೆಯಲ್ಲಿ ಇದ್ದ ಹಾಗೇ ಇರಲಿ. ಎಷ್ಟೋ ಜನರ ಹುಟ್ಟಿದ ದಿನ ಜನವರಿ 1 ಅಂತಿರುತ್ತದೆ. ಅದು ಮೋಸವಲ್ಲ, ದಿನ ಗೊತ್ತಿಲ್ಲದಾಗ ಹಾಗೆ ಬರೆಯುತ್ತಾರೆ. ಅಫ್ಘಾನಿಸ್ತಾನದ ಕಾಗದದಲ್ಲಿ 1375 ಕಂಡರೆ ಗಾಬರಿಯಾಗಬೇಡಿ, ಅದು ಅಲ್ಲಿನ ಸೌರ ಪಂಚಾಂಗದ ವರ್ಷ, ನಮ್ಮ ಲೆಕ್ಕದಲ್ಲಿ 1996-97. ಇಥಿಯೋಪಿಯಾದ ಪಂಚಾಂಗ ಏಳೆಂಟು ವರ್ಷ ಹಿಂದಿದೆ. ಇಮೇಲಿನಲ್ಲಿ ಹೆಸರು ಬೇಡ, ಕೇಸ್ ನಂಬರ್ ಸಾಕು.

ಹಂತ 7: ರೆಫರಲ್

ರೆಫರಲ್ ಅಂದರೆ ಸಹಾಯ ಸಿಗುವ ಬೇರೆ ಜಾಗಕ್ಕೆ ಕಳಿಸಿಕೊಡುವುದು. ಫೋನ್ ನಂಬರ್ ಕಳಿಸಿ ಕೈ ತೊಳೆದುಕೊಳ್ಳುವುದು ಅದಲ್ಲ. ಆ ಜಾಗಕ್ಕೆ ಮೊದಲು ನೀವೇ ಕರೆ ಮಾಡಿ. ತೆರೆದಿದೆಯಾ, ಯಾವ ಕಾಗದ ಕೇಳುತ್ತಾರೆ, ದುಭಾಷಿ ಇದ್ದಾರಾ ನೋಡಿ. ಮೂರ್ನಾಲ್ಕು ದಿನ ಬಿಟ್ಟು ‘ಹೋಗಿದ್ರಾ?’ ಅಂತ ವಿಚಾರಿಸಿ.

ಹಂತ 8: ಮುಗಿಸುವುದು

ನಿಮ್ಮ ಇಂಟರ್ನ್‌ಶಿಪ್ ಯಾವತ್ತು ಮುಗಿಯುತ್ತದೆ ಅಂತ ಮೊದಲ ಕರೆಯಲ್ಲೇ ಹೇಳಿರಬೇಕು. ಮೂರು ವಾರ ಮುಂಚೆ ಮತ್ತೆ ನೆನಪಿಸಿ. ಕೊನೆಯ ಕರೆಯಲ್ಲಿ ಮುಂದೆ ನೋಡಿಕೊಳ್ಳುವ ಕೇಸ್‌ವರ್ಕರನ್ನೂ ಸೇರಿಸಿಕೊಳ್ಳಿ, ಹೆಸರು ಹೇಳಿ ಪರಿಚಯ ಮಾಡಿಸಿ. ಆಮೇಲೆ ನಿಮ್ಮ ಬಳಿ ಇರುವ ನಂಬರು, ಟಿಪ್ಪಣಿ ಎಲ್ಲ ಸಂಸ್ಥೆಗೆ ಒಪ್ಪಿಸಿ, ಲ್ಯಾಪ್‌ಟಾಪಿನಿಂದ ಅಳಿಸಿ. ಡೌನ್‌ಲೋಡ್ ಫೋಲ್ಡರ್ ನೋಡಲು ಮರೆಯಬೇಡಿ, ಎಲ್ಲರೂ ಮರೆಯುವುದು ಅದನ್ನೇ.