ಸಂಕಲ್ಪ ಬಿಟ್ಟೆ, ವರ್ಷಕ್ಕೊಂದು ಪ್ರಶ್ನೆ ಹಿಡಿದೆ

ಜನವರಿ ಬಂತು ಅಂದ್ರೆ ನಮ್ಮ ಆಫೀಸಿನಲ್ಲಿ ಎಲ್ಲರ ಪಟ್ಟಿಯೂ ಒಂದೇ ಥರ. ವಾಕಿಂಗ್ ಹೋಗೋದು, ಸಕ್ಕರೆ ಬಿಡೋದು, ಬೆಳಗ್ಗೆ ಐದಕ್ಕೆ ಏಳೋದು, ಫೋನ್ ನೋಡೋದು ಕಡಿಮೆ ಮಾಡೋದು. ನನ್ನ ಪಟ್ಟಿಯೂ ಹಾಗೇ ಇತ್ತು. ಅದರಲ್ಲಿ ನನಗೇ ಆಸೆ ಹುಟ್ಟಿ ಬರೆದುಕೊಂಡಿದ್ದು ಒಂದೂ ಇರಲಿಲ್ಲ, ಎಲ್ಲಾ ಡಾಕ್ಟರ್ ಹೇಳಿದ್ದು, ಇಲ್ಲಾ ಪಕ್ಕದ ಸೀಟಿನವರು ಮಾಡ್ತಿದ್ದಾರೆ ಅಂತ ಸೇರಿಸಿದ್ದು. ವಾಕಿಂಗ್ ಒಳ್ಳೆಯದೇ, ಈಗಲೂ ಹೋಗುತ್ತೇನೆ. ಅದಕ್ಕೆ ವರ್ಷದ ಸಂಕಲ್ಪ ಅನ್ನೋ ದೊಡ್ಡ ಹೆಸರು ಯಾಕೆ ಅಂತ ಬಿಟ್ಟೆ ಅಷ್ಟೇ.

ಈಗ ಕೆಲವು ವರ್ಷಗಳಿಂದ ನಾನು ಮಾಡುವುದು ಬೇರೆ. ಜನವರಿಯಲ್ಲಿ ಒಂದು ಪ್ರಶ್ನೆ ಆರಿಸಿಕೊಳ್ಳುತ್ತೇನೆ. ಒಂದೇ ಒಂದು. ವರ್ಷಪೂರ್ತಿ ಅದರ ಹಿಂದೆ ಬೀಳುತ್ತೇನೆ. ಪ್ರಶ್ನೆ ನನಗೆ ನಿಜವಾಗಿ ಕಾಡುವಂಥದ್ದಾಗಿರಬೇಕು, ಯಾರನ್ನೋ ಮೆಚ್ಚಿಸೋಕಲ್ಲ. ಮನೆ, ಬೀದಿ, ಅಂಗಡಿಯಲ್ಲಿ ಸಿಗುವ ಸಾಮಾನಿನಿಂದಲೇ ನೋಡಿ ತಿಳಿಯುವಂತಿರಬೇಕು. ಇನ್ನೊಂದು ನಿಯಮ ಇದೆ, ಅದೇ ಕಷ್ಟದ್ದು. ಗೂಗಲ್ ಮಾಡುವ ಮುಂಚೆ, ಯಾರನ್ನೂ ಕೇಳುವ ಮುಂಚೆ, ನನ್ನ ಊಹೆ ಏನು, ಯಾಕೆ ಹಾಗೆ ಅನಿಸುತ್ತದೆ ಅಂತ ಪುಸ್ತಕದಲ್ಲಿ ಬರೆದು ತಾರೀಖು ಹಾಕಬೇಕು. ಉತ್ತರ ಓದಿಬಿಟ್ಟ ಮೇಲೆ ನಮಗೆಲ್ಲ ಅನಿಸುವುದು ಒಂದೇ, "ಅಯ್ಯೋ, ಇದು ಗೊತ್ತಿದ್ದಿದ್ದೇ." ಬರೆದಿಟ್ಟರೆ ಹಾಗೆ ಹೇಳೋಕೆ ಬಾಯಿ ಬರಲ್ಲ.

ಮೊದಲ ವರ್ಷದ ಪ್ರಶ್ನೆ ಚಿಕ್ಕದು. ಶಾಲೆಯಲ್ಲಿ ನಾಲಿಗೆಯ ಚಿತ್ರ ಬರೆಸುತ್ತಿದ್ದರಲ್ಲ, ತುದಿಯಲ್ಲಿ ಸಿಹಿ, ಹಿಂದೆ ಕಹಿ, ಪಕ್ಕದಲ್ಲಿ ಹುಳಿ ಅಂತ, ಅದು ನಿಜವಾ? ಸಕ್ಕರೆ ನೀರು, ಉಪ್ಪು ನೀರು, ಹುಣಸೆ ರಸ, ಹಾಗಲಕಾಯಿ ರಸ, ಕಿವಿಗೆ ಹಾಕುವ ಹತ್ತಿಕಡ್ಡಿ. ಮನೆಗೆ ಬಂದವರ ನಾಲಿಗೆಯೆಲ್ಲ ನನ್ನ ಪ್ರಯೋಗಶಾಲೆ ಆಯಿತು. ಹಾಗಲಕಾಯಿ ನಾಲಿಗೆ ತುದಿಗೂ ಕಹಿಯೇ. ಸಕ್ಕರೆ ಪಕ್ಕದಲ್ಲಿಟ್ಟರೂ ಸಿಹಿಯೇ. ಎಷ್ಟು ವರ್ಷ ಆ ಚಿತ್ರಕ್ಕೆ ಬಣ್ಣ ತುಂಬಿದ್ದೆವು, ನಾಲಿಗೆ ಬಾಯಲ್ಲೇ ಇತ್ತು, ಒಬ್ಬರೂ ನೋಡಲಿಲ್ಲ.

ಮುಂದಿನ ವರ್ಷ ಮರಗಳು. ನಮ್ಮ ಬೀದಿಯ ಮರಗಳಲ್ಲಿ ಯಾವುದು ಈ ನೆಲದ್ದು? ಬೆಂಗಳೂರು ಅಂದ ಕೂಡಲೇ ಕಣ್ಣಿಗೆ ಬರುವ ಗುಲ್‌ಮೊಹರ್ ಮಡಗಾಸ್ಕರಿನದು, ಮಳೆಮರ, ಜಕರಂಡ, ಗುಲಾಬಿ ಟಬೂಬಿಯಾ ಎಲ್ಲಾ ಅಮೆರಿಕ ಖಂಡಗಳ ಕಡೆಯಿಂದ ಬಂದವು. ಇಲ್ಲಿನದು ಅಂತ ಉಳಿದಿದ್ದು ಹೊಂಗೆ, ಅರಳಿ, ಅತ್ತಿ ಇಂಥವು, ಅವನ್ನು ಯಾರೂ ಫೋಟೋ ತೆಗೆಯಲ್ಲ. ಇದರ ಬಗ್ಗೆ ಬೇರೆ ಯಾವಾಗಲಾದರೂ ಬರೆಯುತ್ತೇನೆ.

ಈಗ ಹೇಳಬೇಕಾಗಿರುವುದು ನೆರಳಿನ ವರ್ಷದ ಬಗ್ಗೆ. ಪ್ರಶ್ನೆ ಹುಟ್ಟಿದ್ದು ಸಂಕ್ರಾಂತಿಯ ದಿನ ಅಮ್ಮ ಹೇಳಿದ ಒಂದು ಮಾತಿಗೆ. "ಇವತ್ತಿಂದ ಉತ್ತರಾಯಣ, ಹಗಲು ಉದ್ದ ಆಗತ್ತೆ." ಎಲ್ಲ ಮನೆಯಲ್ಲೂ ಹೇಳುವ ಮಾತು. ಆದರೆ ನಾನು ಬೆಳಗ್ಗೆ ಬಸ್ಸಿಗೆ ಹೋಗುವವನು, ಸಂಕ್ರಾಂತಿ ಆದಮೇಲೂ ಒಂದೆರಡು ವಾರ ಬೆಳಗಾಗೋದು ತಡವೇ ಆಗುತ್ತದೆ ಅಂತ ಅನಿಸಿತ್ತು. ಇನ್ನೊಂದು ಕಡೆ ಡಿಸೆಂಬರ್ 21ರ ಸುಮಾರಿಗೆ ಅತಿ ಚಿಕ್ಕ ಹಗಲು ಅಂತ ಶಾಲೆಯಲ್ಲಿ ಓದಿದ್ದೆ. ಮೂರಕ್ಕೆ ಮೂರೂ ಸರಿ ಇರೋಕೆ ಆಗಲ್ಲ ಅಲ್ವಾ? ಊಹೆ ಬರೆದೆ: ಶಾಲೆ ಪುಸ್ತಕ ಸರಿ, ಅಮ್ಮ ಹೇಳಿದ್ದು ಹಳೆಯ ಲೆಕ್ಕ, ನನ್ನ ಬಸ್‌ಸ್ಟಾಪಿನ ಅನುಭವ ಬರೀ ನಿದ್ದೆಗಣ್ಣಿನದು.

ಬೇಕಾಗಿದ್ದು ಬಿಸಿಲು ಬೀಳುವ ತಾರಸಿ, ಒಂದು ಮೀಟರ್ ಉದ್ದದ ಕೋಲು, ಅಷ್ಟೇ. ಕೋಲು ನೆಟ್ಟಗಿರಬೇಕು, ಅದಕ್ಕೆ ಗಾರೆ ಕೆಲಸದವರು ಗೋಡೆ ಪಕ್ಕ ಇಳಿಬಿಡುವ ದಾರದ ಗುಂಡು ತಂದೆ. ನೆಲ ಸಮ ಇರಬೇಕು, ಅದಕ್ಕೆ ರಸಮಟ್ಟ. ತಾರಸಿಗೆ ಮಳೆನೀರು ಹರಿದು ಹೋಗಲಿ ಅಂತ ವಾಟ ಕೊಟ್ಟಿರುತ್ತಾರೆ, ಹಾಗಾಗಿ ಒಂದು ಹಳೆಯ ಪ್ಲೈವುಡ್ ಹಲಗೆಯ ಕೆಳಗೆ ಚೂರು ಪಾರು ಕಲ್ಲು ಕೊಟ್ಟು ಮಟ್ಟ ಮಾಡಿಕೊಂಡೆ. ಅಮ್ಮ ಮೇಲೆ ಬಂದವರು, "ಏನೋ ಇದು, ಕಡ್ಡಿ ನೆಟ್ಕೊಂಡು ಕೂತಿದ್ದೀಯ, ಬಟ್ಟೆ ಎಲ್ಲಿ ಒಣಗಾಕ್ಲಿ?" ಅಂದರು. ಜಾಗದ ಹಂಚಿಕೆ ಆಯಿತು. ಹಗ್ಗ ಒಂದು ಕಡೆ, ಕೋಲು ಇನ್ನೊಂದು ಕಡೆ.

ದಿಕ್ಕು ಹಿಡಿಯೋಕೆ ಫೋನಿನ ದಿಕ್ಸೂಚಿ ನಂಬಲಿಲ್ಲ, ತಾರಸಿಯ ಕಬ್ಬಿಣದ ಪಕ್ಕ ಇಟ್ಟರೆ ಅದು ಕುಣಿಯುತ್ತದೆ. ಹಳೆಯ ಉಪಾಯವೇ ಚೆನ್ನ. ಕೋಲನ್ನು ನಡುವೆ ಇಟ್ಟು ಒಂದು ವೃತ್ತ ಎಳೆಯಿರಿ. ಬೆಳಗ್ಗೆ ನೆರಳು ಉದ್ದ ಇರುತ್ತದೆ, ಕುಗ್ಗುತ್ತಾ ಬಂದು ಅದರ ತುದಿ ವೃತ್ತವನ್ನು ಮುಟ್ಟುತ್ತದೆ, ಅಲ್ಲೊಂದು ಚುಕ್ಕಿ. ಮಧ್ಯಾಹ್ನದ ಮೇಲೆ ಮತ್ತೆ ಬೆಳೆದು ಇನ್ನೊಂದು ಕಡೆ ಮುಟ್ಟುತ್ತದೆ, ಅಲ್ಲೊಂದು ಚುಕ್ಕಿ. ಎರಡನ್ನೂ ಸೇರಿಸಿದರೆ ಪೂರ್ವ ಪಶ್ಚಿಮದ ಗೆರೆ. ಯಜ್ಞವೇದಿ ಕಟ್ಟುವ ಅಳತೆಗಳ ಹಳೆಯ ಗ್ರಂಥವಾದ ಕಾತ್ಯಾಯನನ ಶುಲ್ಬಸೂತ್ರದಲ್ಲೇ ಇರುವ ವಿಧಾನ ಇದು. ಆ ಗೆರೆಗೆ ಕೋಲಿನ ಬುಡದಿಂದ ಮೂಲೆಮಟ್ಟ ಇಟ್ಟು ಇನ್ನೊಂದು ಗೆರೆ ಎಳೆದರೆ ಉತ್ತರ ದಕ್ಷಿಣ. ನೆರಳು ಆ ಗೆರೆಯ ಮೇಲೆ ಬಂದ ಕ್ಷಣವೇ ನಿಜವಾದ ಮಧ್ಯಾಹ್ನ.

ಮೊದಲ ಆಶ್ಚರ್ಯ ಇಲ್ಲೇ. ಗಡಿಯಾರದಲ್ಲಿ ಹನ್ನೆರಡು ಹೊಡೆದಾಗ ನೆರಳು ಗೆರೆಗೆ ಬಂದಿರುವುದಿಲ್ಲ. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಬೆಂಗಳೂರು 77.6ರಲ್ಲಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನಾವು ಸುಮಾರು ಇಪ್ಪತ್ತು ನಿಮಿಷ ಹಿಂದೆ. ಮಂಗಳೂರಿನವರು ಅರ್ಧ ಗಂಟೆ ಹಿಂದೆ. ಅದೂ ವರ್ಷವಿಡೀ ಒಂದೇ ಸಮ ಇರಲ್ಲ. ನವೆಂಬರ್ ಮೊದಲಲ್ಲಿ ಬೆಂಗಳೂರಿನ ನೆರಳು 12.03ಕ್ಕೇ ಗೆರೆಗೆ ಬರುತ್ತದೆ, ಫೆಬ್ರವರಿ ನಡುವೆ 12.34 ಆಗುತ್ತದೆ. ಭೂಮಿ ಸೂರ್ಯನನ್ನು ಸುತ್ತುವ ವೇಗ ಒಂದೇ ಥರ ಇಲ್ಲ, ಅದರ ಅಕ್ಷವೂ ವಾಲಿದೆ, ಈ ಎರಡರ ಜಂಟಿ ಆಟ ಇದು.

ಇದು ಗೊತ್ತಾದ ಮೇಲೆ ಬಸ್‌ಸ್ಟಾಪಿನ ಒಗಟು ತಾನೇ ಬಿಚ್ಚಿಕೊಂಡಿತು. ಡಿಸೆಂಬರ್ ಕೊನೆಯಿಂದ ಹಗಲು ನಿಜವಾಗಿಯೂ ಬೆಳೆಯುತ್ತದೆ, ಆದರೆ ಮಧ್ಯಾಹ್ನವೇ ದಿನದಿಂದ ದಿನಕ್ಕೆ ಮುಂದಕ್ಕೆ ಜರುಗುತ್ತಿರುವುದರಿಂದ ಇಡೀ ಹಗಲು ಗಡಿಯಾರದ ಮೇಲೆ ಮುಂದೆ ಸರಿಯುತ್ತದೆ. ಬೆಳೆದ ಹಗಲೆಲ್ಲ ಸಂಜೆಯ ಖಾತೆಗೆ ಜಮಾ, ಬೆಳಗಿನ ಖಾತೆಗೆ ಇನ್ನೂ ಖರ್ಚು. ಬೆಂಗಳೂರಲ್ಲಿ ಡಿಸೆಂಬರ್ 21ಕ್ಕೆ ಸೂರ್ಯ ಹುಟ್ಟುವುದು 6.37ರ ಹತ್ತಿರ, ಸಂಕ್ರಾಂತಿಗೆ 6.45ರ ಹತ್ತಿರ, ಜನವರಿ ಕೊನೆಯ ಹೊತ್ತಿಗೆ ಇನ್ನೂ ಒಂದು ನಿಮಿಷ ತಡ. ಸಂಜೆ ಎಲ್ಲಕ್ಕಿಂತ ಬೇಗ ಕತ್ತಲಾಗುವುದು ನವೆಂಬರ್ ಮೂರನೇ ವಾರದ ಆಸುಪಾಸು. ಅಂದ್ರೆ ನಿದ್ದೆಗಣ್ಣಿನ ಅನುಭವ ಸರಿಯಾಗೇ ಇತ್ತು! ನನ್ನ ಕಣ್ಣನ್ನೇ ನಾನು ಪುಸ್ತಕಕ್ಕಿಂತ ಕೆಳಗೆ ಇಟ್ಟಿದ್ದೆ.

ಇನ್ನು ಉತ್ತರಾಯಣ. ಮಧ್ಯಾಹ್ನದ ನೆರಳು ಯಾವತ್ತು ಅತಿ ಉದ್ದವೋ ಅವತ್ತು ಸೂರ್ಯ ದಕ್ಷಿಣದ ತುದಿಯಲ್ಲಿದ್ದಾನೆ, ಅಲ್ಲಿಂದ ತಿರುಗಬೇಕು. ಹೇಳೋಕೆ ಸುಲಭ. ಡಿಸೆಂಬರಿನಲ್ಲಿ ಅಳೆಯೋಕೆ ಕೂತರೆ ನೆರಳು 74 ಸೆಂಟಿಮೀಟರಿಗೆ ಬಂದು ಅಲ್ಲೇ ಕೂತುಬಿಡುತ್ತದೆ. ಒಂದು ವಾರಕ್ಕೆ ಮೂರು ನಾಲ್ಕು ಮಿಲಿಮೀಟರ್ ಕದಲಿದರೆ ಹೆಚ್ಚು. ನೆರಳಿನ ತುದಿಯೋ ಮಸಕು ಮಸಕು, ಸೂರ್ಯ ಚುಕ್ಕಿಯಲ್ಲ, ಅಗಲವಾದ ತಟ್ಟೆ, ಹಾಗಾಗಿ ತುದಿಯಲ್ಲಿ ಒಂದು ಸೆಂಟಿಮೀಟರಿಗಿಂತ ಜಾಸ್ತಿಯೇ ಅರೆನೆರಳು.

ಎರಡು ಉಪಾಯ ಮಾಡಿದೆ. ಬಿಸ್ಕತ್ ಡಬ್ಬದ ತಗಡಿಗೆ ಮೊಳೆಯಿಂದ ಸಣ್ಣ ತೂತು ಹೊಡೆದು ಕೋಲಿನ ತಲೆಗೆ ಕಟ್ಟಿದೆ. ತಗಡಿನ ನೆರಳಿನ ನಡುವೆ ದುಂಡಗಿನ ಬೆಳಕಿನ ಬಿಲ್ಲೆ ಬೀಳುತ್ತದೆ, ಅದು ಸೂರ್ಯನ ಚಿತ್ರವೇ, ಅದರ ನಡುವನ್ನು ಪೆನ್ಸಿಲಿನಲ್ಲಿ ಗುರುತು ಮಾಡಬಹುದು. ಎರಡನೆಯದು ನನಗೆ ಬಹಳ ಖುಷಿ ಕೊಟ್ಟ ಉಪಾಯ. ನೆರಳು ಅತಿ ಉದ್ದ ಆಗುವ ದಿನವನ್ನು ಹಿಡಿಯೋಕೆ ಹೋಗಲೇಬಾರದು. ಅದಕ್ಕೆ ಮುಂಚಿನ ಒಂದು ದಿನದ ನೆರಳನ್ನು ಗುರುತು ಮಾಡಿ, ಅದು ಇನ್ನೂ ಉದ್ದವಾಗಿ ಮತ್ತೆ ಕುಗ್ಗುತ್ತಾ ವಾಪಸ್ ಬರುವಾಗ ಅದೇ ಗುರುತಿಗೆ ಯಾವತ್ತು ಬರುತ್ತದೆ ಅಂತ ಕಾಯಬೇಕು. ಎರಡರ ನಡುವಿನ ದಿನವೇ ತಿರುವು. ನವೆಂಬರ್ 28ರಂದು ನೆರಳು 68 ಸೆಂಟಿಮೀಟರಿನ ಹತ್ತಿರ. ಮತ್ತೆ ಅಷ್ಟೇ ಆಗಿದ್ದು ಜನವರಿ 14ಕ್ಕೆ. ನಡುವೆ ಎಣಿಸಿ ನೋಡಿ, ಡಿಸೆಂಬರ್ 21 ಅಥವಾ 22 ಸಿಗುತ್ತದೆ.

ಆ ಎರಡು ತಾರೀಖು ಪಕ್ಕ ಪಕ್ಕ ಬರೆದುಕೊಂಡಾಗ ಗವಿಗಂಗಾಧರೇಶ್ವರ ನೆನಪಾಯಿತು. ಗವಿಪುರದ ಆ ಗುಡಿಯಲ್ಲಿ ಸಂಕ್ರಾಂತಿ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದು ಊರಿಗೆಲ್ಲ ಗೊತ್ತು, ಟಿವಿಯವರು ನೇರಪ್ರಸಾರ ಮಾಡುತ್ತಾರೆ, ಒಳಗೆ ಕಾಲಿಡೋಕೆ ಜಾಗ ಇರಲ್ಲ. ಜನವರಿ ಮಧ್ಯದಲ್ಲಿ ಸೂರ್ಯ ಎಲ್ಲಿರುತ್ತಾನೋ ನವೆಂಬರ್ ಕೊನೆಯಲ್ಲೂ ಅಲ್ಲೇ ಇರುತ್ತಾನೆ ಅಂತ ನನ್ನ ಹಲಗೆ ಹೇಳುತ್ತಿದೆ. ಹಾಗಿದ್ದರೆ ಆಗಲೂ ಬಿಸಿಲು ಒಳಗೆ ಬರಲೇಬೇಕು. ಊಹೆ ಬರೆದು ತಾರೀಖು ಹಾಕಿದ ಮೇಲೆ ಹುಡುಕಿದೆ. ಹೌದು, ನವೆಂಬರ್ ಕೊನೆ, ಡಿಸೆಂಬರ್ ಮೊದಲ ದಿನಗಳಲ್ಲೂ ಅಲ್ಲಿ ಬೆಳಕು ಬೀಳುತ್ತದೆ, ಬೆಂಗಳೂರಿನ ಸಂಶೋಧಕರು ಇದನ್ನು ಎಂದೋ ನೋಡಿ ಬರೆದಿದ್ದಾರೆ. ಅವರು ಮೊದಲೇ ಕಂಡುಕೊಂಡಿದ್ದರೆ ನನಗೇನು? ಒಂದು ಕೋಲು, ಒಂದು ತಗಡು ಇಟ್ಟುಕೊಂಡು ನಾನೂ ಅಲ್ಲಿಗೆ ತಲುಪಿದೆನಲ್ಲ, ಆ ದಿನ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ಹಾಗಾದರೆ ಅಮ್ಮ ಹೇಳಿದ್ದು ತಪ್ಪಾ? ಇಲ್ಲಿ ಸ್ವಲ್ಪ ನಿಲ್ಲಬೇಕು. ಪಂಚಾಂಗ ಸೂರ್ಯನನ್ನು ನಕ್ಷತ್ರಗಳ ಹಿನ್ನೆಲೆಯಲ್ಲಿ ಅಳೆಯುತ್ತದೆ, ಮಕರ ರಾಶಿಗೆ ಬಂದ ದಿನ ಸಂಕ್ರಾಂತಿ. ನನ್ನ ಕೋಲು ಅಳೆಯುವುದು ಋತುವನ್ನು. ಭೂಮಿಯ ಅಕ್ಷ ನಿಧಾನವಾಗಿ ತೂಗುವುದರಿಂದ ಎರಡರ ನಡುವೆ ಸುಮಾರು 72 ವರ್ಷಕ್ಕೆ ಒಂದು ದಿನ ಅಂತರ ಬೆಳೆಯುತ್ತದೆ. ಹದಿನೇಳು ಶತಮಾನಗಳ ಹಿಂದೆ ಎರಡೂ ಹೆಚ್ಚು ಕಡಿಮೆ ಒಂದೇ ದಿನ ಬರುತ್ತಿದ್ದವು. ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12, ಅವತ್ತು ಸಂಕ್ರಾಂತಿ. ಈಗ 14 ಅಥವಾ 15. ಜರುಗುವುದು ಕಣ್ಣಿಗೇ ಕಾಣುತ್ತದೆ. ಪಂಚಾಂಗ ಮಾಡುವವರಿಗೆ ಈ ಅಂತರ ಚೆನ್ನಾಗಿ ಗೊತ್ತು, ಅಯನಾಂಶ ಅಂತ ಅದನ್ನು ಲೆಕ್ಕ ಇಡುತ್ತಾರೆ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಸರಿ, ಆದ್ರೆ ಹಬ್ಬ ಡಿಸೆಂಬರಿಗೆ ತಂದ್ರೆ ಕಬ್ಬು, ಕಡಲೆಕಾಯಿ, ಅವರೆಕಾಯಿ ಎಲ್ಲಾ ಒಟ್ಟಿಗೆ ಇಷ್ಟು ಚೆನ್ನಾಗಿ ಸಿಗತ್ತಾ? ಹಬ್ಬ ಮಾಡೋದು ಅಡುಗೆಮನೆ ನೋಡ್ಕೊಂಡು ಕಣೋ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರೂ ತಮ್ಮ ಕಣ್ಣಿಂದ ನೋಡಿದ್ದನ್ನೇ ಹೇಳಿದ್ದು.

ನನಗೆ ಕಿರಿಕಿರಿ ಆಗೋದು ಬೇರೆಯವರಿಂದ. ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಪ್ರತಿ ಸಂಕ್ರಾಂತಿಗೆ "ನಮ್ಮ ಹಿರಿಯರ ವಿಜ್ಞಾನ" ಅಂತ ಹಾಕುತ್ತಾರೆ, ಇನ್ನೊಬ್ಬರು "ಪಂಚಾಂಗ ಎಲ್ಲಾ ಬುರುಡೆ" ಅಂತ ಕೆಳಗೆ ಹಾಕುತ್ತಾರೆ. ಇಬ್ಬರೂ ಬಂದಿದ್ದನ್ನು ಮುಂದೆ ಕಳಿಸುತ್ತಿರುವವರು. ಒಬ್ಬರೂ ಮಧ್ಯಾಹ್ನ ತಾರಸಿಗೆ ಹೋದವರಲ್ಲ. ಯಾವುದನ್ನೂ ಒಪ್ಪದಿದ್ದರೆ ಸ್ವಂತ ಬುದ್ಧಿ ಅಂತ ಅಂದುಕೊಂಡವರು ನಮ್ಮಲ್ಲಿ ಜಾಸ್ತಿ. ಎಚ್. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ ಪವಾಡಗಳ ಬಗ್ಗೆ ಒಂದು ಸಮಿತಿ ಮಾಡಿದರು. ನನಗೆ ಅದರಲ್ಲಿ ಹಿಡಿಸುವುದು ಏನಂದರೆ ಅವರು ಸುಳ್ಳು ಅಂತ ಕೂತಲ್ಲೇ ತೀರ್ಪು ಕೊಡದೆ ಬನ್ನಿ, ಪರೀಕ್ಷೆ ಮಾಡೋಣ ಅಂದದ್ದು.

ಒಂದು ಮಾತು, ಶುರು ಮಾಡುವವರಿಗೆ. ಕೋಲಿನ ಆಟಕ್ಕೆ ಡಿಸೆಂಬರ್‌ವರೆಗೆ ಕಾಯಬೇಕಿಲ್ಲ. ಏಪ್ರಿಲ್ 24ರ ಆಸುಪಾಸು ಬೆಂಗಳೂರಲ್ಲಿ ಮಧ್ಯಾಹ್ನ 12.18ರ ಹೊತ್ತಿಗೆ ನೆರಳು ಕೋಲಿನ ಬುಡಕ್ಕೇ ಸೇರಿಕೊಂಡು ಮಾಯ. ಮಂಗಳೂರಿನಲ್ಲೂ ಹೆಚ್ಚು ಕಡಿಮೆ ಅದೇ ದಿನ, ಹತ್ತು ನಿಮಿಷ ತಡವಾಗಿ. ಹುಬ್ಬಳ್ಳಿಯವರಿಗೆ ಮೇ ಮೊದಲಲ್ಲಿ, ಕಲಬುರಗಿಯವರಿಗೆ ಮೇ 10ರ ಸುಮಾರಿಗೆ. ಏಪ್ರಿಲ್ 24ರಿಂದ ಆಗಸ್ಟ್ 18ರವರೆಗೆ ಬೆಂಗಳೂರಿನ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ನಮ್ಮ ಬೀದಿಯಲ್ಲಿ ಇದನ್ನು ಗಮನಿಸಿದ್ದವರು ಬಾಳೆಹಣ್ಣಿನ ಗಾಡಿಯವರೊಬ್ಬರೇ. ಆ ತಿಂಗಳುಗಳಲ್ಲಿ ಗಾಡಿಯ ಮೇಲಿನ ಟಾರ್ಪಾಲನ್ನು ಇನ್ನೊಂದು ಕಡೆಗೆ ಎಳೆದು ಕಟ್ಟುತ್ತಾರಂತೆ, "ಬಿಸ್ಲು ಆ ಕಡೆಯಿಂದ ಬರತ್ತೆ ಸಾರ್" ಅಂದರು. ಮೋಡ ಮಾತ್ರ ಕಾಟ. ಜೂನ್ ಜುಲೈಯಲ್ಲಿ ವಾರಗಟ್ಟಲೆ ಪುಸ್ತಕದ ಹಾಳೆ ಖಾಲಿ ಹೋಗುತ್ತದೆ, ಖಾಲಿ ಅಂತಲೇ ಬರೆದಿಡಿ, ಊಹಿಸಿ ತುಂಬಬೇಡಿ.

ಈ ಅಭ್ಯಾಸದಿಂದ ಬೇರೆ ಕಡೆ ಏನು ಉಪಯೋಗ ಅಂತ ಕೇಳುವವರಿದ್ದಾರೆ. ಒಂದು ಹೇಳಬಲ್ಲೆ. ಯಾರಾದರೂ ಇನ್ಶೂರೆನ್ಸ್ ಪಾಲಿಸಿಯೋ ಸೈಟೋ ಮಾರೋಕೆ ಬಂದರೆ, ಅವರು ಬಾಯಿ ತೆಗೆಯುವ ಮುಂಚೆ ಇದಕ್ಕೆ ನಾನು ಎಷ್ಟು ಕೊಡಬಹುದು ಅಂತ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಆಮೇಲೆ ಅವರ ಮಾತಿಗೆ ನಾನು ಎಷ್ಟು ಜಾರಿದೆ ಅಂತ ಚೀಟಿ ತೋರಿಸುತ್ತದೆ.

ಈ ವರ್ಷದ ಪ್ರಶ್ನೆ ಮಣ್ಣಿನ ಮಡಕೆ. ನೀರು ಎಷ್ಟು ತಂಪಾಗುತ್ತದೆ, ಎಲ್ಲ ಊರಲ್ಲೂ ಅಷ್ಟೇ ಆಗುತ್ತದಾ? ನನ್ನ ಊಹೆ ಬರೆದಾಗಿದೆ. ಮಡಕೆಯ ಮೈಯಿಂದ ನೀರು ಆರುವುದರಿಂದ ತಂಪು, ಗಾಳಿ ಒಣಗಿದ್ದಷ್ಟೂ ಜಾಸ್ತಿ ಆರುತ್ತದೆ. ಹಾಗಾಗಿ ಮಾರ್ಚಿನಲ್ಲಿ ಬೆಂಗಳೂರಿನ ಮಡಕೆ ಹೊರಗಿನ ಗಾಳಿಗಿಂತ ಏಳೆಂಟು ಡಿಗ್ರಿ ಕಡಿಮೆ ತೋರಿಸಬೇಕು, ಅದೇ ವಾರ ಮಂಗಳೂರಿನ ಮಡಕೆ ಮೂರೋ ನಾಲ್ಕೋ, ಮಳೆಗಾಲದಲ್ಲಿ ಎರಡೂ ಊರಲ್ಲಿ ಒಂದಕ್ಕಿಂತ ಹೆಚ್ಚಿಲ್ಲ. ಮಂಗಳೂರಿನಲ್ಲಿರುವ ಅಕ್ಕನಿಗೆ ಒಂದು ಥರ್ಮಾಮೀಟರ್ ಕಳಿಸಿದ್ದೇನೆ. ಅವಳ ಊಹೆ ನನ್ನದಕ್ಕೆ ಪೂರ್ತಿ ಉಲ್ಟಾ, ಬರೆದು ಫೋಟೋ ತೆಗೆದು ಕಳಿಸಿದ್ದಾಳೆ.