ಚಿಪ್ ತಿರುಗಿಸುವ ಮೊದಲು ಗಾಳಿ ನೋಡಿ

ಬೀದರಿನ ಕೆಂಪು ನೆಲದಲ್ಲಿ ಮೌಂಟೇನ್ ಬೈಕ್ ಓಡಿಸುವವರಿಗೆ ಆ ಸದ್ದು ಗೊತ್ತಿರುತ್ತದೆ: ಪೆಡಲ್ ಕಲ್ಲಿಗೆ ಬಡಿದು ‘ಟಕ್’ ಅನ್ನುವುದು. ಹೊನ್ನಿಕೇರಿ ಕಾಡಿನ ಕಡೆ ಹೋದರೆ ಮೇಲೆ ಸಡಿಲ ಗರಸು, ಕೆಳಗೆ ನಮ್ಮ ಕೋಟೆಯ ಕಂದಕ ಕಡಿದಂಥದೇ ಕೆಂಪು ಕಲ್ಲು. ದಿನಕ್ಕೆ ಹತ್ತು ಸಲ ಬಡಿಯುತ್ತಿತ್ತು.

ಫ್ರೇಮ್ ತಗ್ಗಾಗಿದೆ ಅಂದುಕೊಂಡೆ. ಹಿಂದಿನ ಚಕ್ರದ ಹೊಡೆತ ತಡೆಯುವ, ಗಾಳಿ ತುಂಬಿದ ಶಾಕ್ ಫ್ರೇಮಿಗೆ ಕೂರುವ ಜಾಗದಲ್ಲಿ ಫ್ಲಿಪ್ ಚಿಪ್ ಎಂಬ, ತಿರುಗಿಸಿ ಕೂರಿಸಬಹುದಾದ ಸಣ್ಣ ಲೋಹದ ತುಂಡಿದೆ. ಅದನ್ನು ‘ಹೈ’ಗೆ ತಿರುಗಿಸಿದೆ. ನನ್ನ ಫ್ರೇಮ್‌ನಲ್ಲಿ ಅದು ಹೆಡ್ ಆ್ಯಂಗಲ್ಲನ್ನು (ಮುಂದಿನ ಫೋರ್ಕ್ ಓರೆಯಾಗಿರುವ ಕೋನ) ಅರ್ಧ ಡಿಗ್ರಿ ನೆಟ್ಟಗೆ ಮಾಡಿ, ಪೆಡಲ್ ಅಚ್ಚನ್ನು 7 ಮಿ.ಮೀ. ಎತ್ತುತ್ತದೆ. ಬಡಿತ ಕಡಿಮೆಯಾಯಿತು. ಆದರೆ ಮೊಣಕಾಲೆತ್ತರದ ಬಂಡೆಯಿಂದ ಇಳಿದರೂ ಶಾಕ್ ತಳಕ್ಕೆ ಹೋಗಿ ‘ಧಡ್’ ಅನ್ನುತ್ತಿತ್ತು. ನಾನು ಸೈಕಲ್ ಏರುವುದನ್ನು ನೋಡುತ್ತಿದ್ದ ಪಂಕ್ಚರ್ ಅಂಗಡಿಯ ಕಾಕಾ ಹೇಳಿದರು: ‘ತಮ್ಮಾ, ಹಿಂದ ಭಾಳ ಕುಂದ್ರತದ ನೋಡು.’

ಅಂದು ಸಂಜೆಯೇ ಸ್ಯಾಗ್, ಅಂದರೆ ಸುಮ್ಮನೆ ಕೂತಾಗ ನಮ್ಮ ಭಾರಕ್ಕೆ ಶಾಕ್ ಎಷ್ಟು ಕುಗ್ಗುತ್ತದೆ ಎಂಬುದನ್ನು ಅಳೆದೆ. ಹೆಲ್ಮೆಟ್, ಶೂ, ಬ್ಯಾಗು, 2 ಲೀಟರ್ ನೀರು, ಎಲ್ಲ ಹೊತ್ತೇ ಅಳೆಯಬೇಕು. ಶಾಕಿನ ಲಾಕ್ ತೆಗೆದು, ಗೋಡೆ ಹಿಡಿದು ಕೂತು, ಶಾಕಿನ ಮೇಲೆ ಜಾರುವ ಓ-ರಿಂಗನ್ನು (ರಬ್ಬರ್ ಬಳೆ) ಸೀಲಿಗೆ ತಾಗಿಸಿ, ಕುಲುಕದೆ ಇಳಿದೆ. ಶಾಕ್ ಕುಗ್ಗಬಲ್ಲ ಒಟ್ಟು 55 ಮಿ.ಮೀ. ಸ್ಟ್ರೋಕ್‌ನಲ್ಲಿ 19 ಮಿ.ಮೀ. ಹೋಗಿತ್ತು, ಅಂದರೆ ಶೇ. 35. ಇಂಥ ಬೈಕಿಗೆ 25ರಿಂದ 30 ಸಾಕು.

ಲೆಕ್ಕ ಹಾಕಿದಾಗ ವಿಷಯ ತಿಳಿಯಿತು. ಹಿಂದಿನ ಟ್ರಾವೆಲ್, ಅಂದರೆ ಹಿಂದಿನ ಚಕ್ರ ಮೇಲೇಳಬಲ್ಲ ದೂರ, 140 ಮಿ.ಮೀ. ಸ್ಯಾಗ್ 35ರಿಂದ 28ಕ್ಕೆ ಬಂದರೆ ಹಿಂದಿನ ಚಕ್ರದ ಕಡೆ ಬೈಕು ಸುಮಾರು 10 ಮಿ.ಮೀ. ಎದ್ದು ನಿಲ್ಲುತ್ತದೆ, ಹೆಡ್ ಆ್ಯಂಗಲ್‌ನಲ್ಲಿ ಅದು ಹೆಚ್ಚುಕಡಿಮೆ ಅರ್ಧ ಡಿಗ್ರಿ. ಚಿಪ್ ತಿರುಗಿಸಿ ನಾನು ಪಡೆದದ್ದೂ ಅಷ್ಟೇ! ಕಾಗದದ ಮೇಲಿನ ಜಾಮಿಟ್ರಿ (ಫ್ರೇಮಿನ ಕೋನ, ಎತ್ತರ) ನಾವು ಸೀಟಿನ ಮೇಲೆ ಕೂರದಿರುವಾಗಿನದು. ಓಡಿಸುವಾಗಿನ ಜಾಮಿಟ್ರಿಯನ್ನು ಶಾಕಿನ ಗಾಳಿ ನಿರ್ಧರಿಸುತ್ತದೆ.

ಚಿಪ್ಪನ್ನು ಮತ್ತೆ ‘ಲೋ’ಗೆ ತಂದು, ಬೋಲ್ಟನ್ನು ಟಾರ್ಕ್ ರೆಂಚಿನಿಂದ ಬಿಗಿದೆ. ಶಾಕಿನ ಗಾಳಿಯ ಒತ್ತಡ 160 ಪಿಎಸ್‌ಐ ಇದ್ದದ್ದನ್ನು ಹತ್ತತ್ತೇ ಏರಿಸಿದೆ. ಪ್ರತಿ ಸಲ ಶಾಕನ್ನು ಹತ್ತು ಬಾರಿ ಒತ್ತಿ ಬಿಡಬೇಕು, ಇಲ್ಲದಿದ್ದರೆ ಒಳಗಿನ ಎರಡು ಕೋಣೆಗಳ ಗಾಳಿ ಸಮವಾಗದೆ ಅಳತೆ ತಪ್ಪುತ್ತದೆ. ಪಂಪ್ ಮತ್ತೆ ಹಾಕಿದಾಗ ಮುಳ್ಳು ಕಡಿಮೆ ತೋರಿಸಿದರೆ ಗಾಬರಿ ಬೇಡ. ಅಷ್ಟು ಗಾಳಿ ಪೈಪಿಗೆ ಹೋಗಿರುತ್ತದೆ. 190ಕ್ಕೆ ಶೇ. 28 ಬಂತು.

ಗಾಳಿ ಹೆಚ್ಚಿದರೆ ಶಾಕ್ ಜೋರಾಗಿ ಪುಟಿಯುತ್ತದೆ. ಆ ಪುಟಿತದ ವೇಗ ತಗ್ಗಿಸುವ ರಿಬೌಂಡ್ ಗುಂಡಿಯನ್ನು ಎರಡು ಕ್ಲಿಕ್ ಬಿಗಿ ಮಾಡಿದೆ. ಮೂರನೆಯದಕ್ಕೆ ಹೋದಾಗ ಗರಸಿನ ಮೇಲೆ ಶಾಕ್ ಮೇಲೇಳಲು ಪುರಸೊತ್ತಿಲ್ಲದೆ ಕೆಳಗೇ ಉಳಿಯಿತು, ಹಿಂದೆ ಸರಿದೆ.

ಬೇಸಿಗೆಯಲ್ಲಿ ಇನ್ನೊಂದಿದೆ. ಬೆಳಗಿನ 25 ಡಿಗ್ರಿಯಲ್ಲಿ ತುಂಬಿದ 190, ಮಧ್ಯಾಹ್ನದ 40ರಲ್ಲಿ 200ರ ಹತ್ತಿರ ಹೋಗುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ಓಡಿಸುವ ಹೊತ್ತಿಗೇ ಅಳೆಯುತ್ತೇನೆ.

ಮೊನ್ನೆ ಅದೇ ಬಂಡೆ ಇಳಿದು ನೋಡಿದೆ. ಓ-ರಿಂಗ್ 55ರಲ್ಲಿ 51 ಮಿ.ಮೀ.ನಲ್ಲಿ ನಿಂತಿತ್ತು.