ಹನ್ನೊಂದನೇ ಗಂಟೆಗೆ ಬಂದ ಅಜ್ಜಿ

ನಾನು ಹಾಸನದಲ್ಲಿ ಸ್ಟಾಫ್ ನರ್ಸ್. ಹತ್ತೊಂಬತ್ತು ವರ್ಷದಿಂದ ಗಡಿಯಾರ ನೋಡಿಕೊಂಡೇ ಕೆಲಸ ಮಾಡಿದವಳು. ತಾಂಜಾನಿಯಾಕ್ಕೆ ಸೇವೆಗೆಂದು ಹೋದ ಮೊದಲ ದಿನವೇ ಆ ಗಡಿಯಾರ ನನ್ನ ಕೈಬಿಟ್ಟಿತು.

ಕಿಲಿಮಂಜಾರೋ ಬೆಟ್ಟದ ತಪ್ಪಲಲ್ಲಿ, ಮೋಶಿ ಪಟ್ಟಣದಿಂದ ಮೇಲೆ, ಒಂದು ಲೂಥರನ್ ಕ್ರೈಸ್ತ ಸಭೆಯ ಸಣ್ಣ ಡಿಸ್ಪೆನ್ಸರಿಗೆ ನನ್ನನ್ನು ಹಾಕಿದ್ದರು. ನಮ್ಮ ಸಭೆಯಿಂದ ಹೋಗಿದ್ದ ಉಳಿದ ಐವರು ಶಾಲೆಯ ಕೆಲಸಕ್ಕೆ ಹೋದರು. ಹಿಂದಿನ ಸಂಜೆ ಅಲ್ಲಿನ ನರ್ಸಮ್ಮ "ನಾಳೆ ಸಾ ಮ್ಬಿಲಿ" ಅಂದಿದ್ದರು. ಸಾ ಅಂದರೆ ಗಂಟೆ, ಮ್ಬಿಲಿ ಅಂದರೆ ಎರಡು ಎಂದು ನನಗೆ ಗೊತ್ತಿತ್ತು. ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಹೋದೆ. ಮಕ್ಕಳನ್ನು ತೂಕಕ್ಕೆ ತಂದಿದ್ದ ತಾಯಂದಿರು ಬೆಳಗ್ಗೆ ಎಂಟರಿಂದ ಕಾದು, ಅರ್ಧ ಜನ ಮನೆಗೆ ಹೋಗಿಬಿಟ್ಟಿದ್ದರು.

ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಬೆಳಗಾದಾಗಿನಿಂದ. ನಮ್ಮ ಏಳು ಗಂಟೆ ಅವರಿಗೆ ಒಂದು, ನಮ್ಮ ಎಂಟು ಅವರಿಗೆ ಎರಡು. ಭೂಮಧ್ಯರೇಖೆಗೆ ಹತ್ತಿರದ ನಾಡು, ವರ್ಷವಿಡೀ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬೆಳಗಾಗುತ್ತದೆ. ಕಾದಿದ್ದವರು ಯಾರೂ ಬೈಯಲಿಲ್ಲ. "ಪೋಲೆ" ಅಂದರು. ನಿಮ್ಮ ಕಷ್ಟ ನಮಗೂ ಮುಟ್ಟಿತು ಅನ್ನುವ ಹಾಗಿನ ಮಾತು ಅದು. ತಪ್ಪು ನನ್ನದು, ಸಮಾಧಾನ ಹೇಳಿದವರು ಅವರು. ಆ ರಾತ್ರಿ ಅತ್ತೆ.

ಹೋಗಬೇಕೆಂದಿರುವವರಿಗೆ ಎರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಾವು ಮುಂಬೈಯಿಂದ ಅಡಿಸ್ ಅಬಾಬಾ ಮೇಲೆ ಹೋದೆವು. ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಂಡು ಕಾರ್ಡನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ, ಮಲೇರಿಯಾ ಮಾತ್ರೆ ತಪ್ಪಿಸಬೇಡಿ. ಇನ್ನೊಂದು, ಇಲ್ಲಿ ನರ್ಸ್ ಆದವರು ಅಲ್ಲೂ ನರ್ಸ್ ಅಂದುಕೊಳ್ಳಬಾರದು. ನಾನು ಒಂದು ಸೂಜಿಯನ್ನೂ ಮುಟ್ಟಲಿಲ್ಲ. ಮಗು ತೂಗುವುದು, ಬಿಪಿ ನೋಡುವುದು, ರಿಜಿಸ್ಟರ್ ಬರೆಯುವುದು, ನೆಲ ಒರೆಸುವುದು, ಇಷ್ಟೇ ನನ್ನ ಕೆಲಸ. ಎರಡು ವರ್ಷ ಚೀಟಿ ಕಟ್ಟಿ ಟಿಕೆಟ್ಟಿಗೆ ದುಡ್ಡು ಕೂಡಿಸಿದ್ದು ಇದಕ್ಕಾ ಎಂದು ಮೊದಲ ವಾರ ಮನಸ್ಸು ಕೇಳುತ್ತಲೇ ಇತ್ತು.

ಆ ನರ್ಸಮ್ಮನನ್ನು ಎಲ್ಲರೂ ಮಾಮಾ ಅನ್ನುತ್ತಿದ್ದರು. ಅಲ್ಲಿ ಮಾಮಾ ಅಂದರೆ ತಾಯಿ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ರೋಗಿಗಳೂ ಕೆಲಸದವರೂ ಒಟ್ಟಿಗೆ ನಿಂತು ಒಂದು ಕೀರ್ತನೆ, ಒಂದು ವಾಕ್ಯ, ಪ್ರಾರ್ಥನೆ. ಆಮೇಲೆ ಒಂದು ಲೋಟ ಉಜಿ. ಮೊದಲ ಗುಟುಕಿಗೇ ಗುರುತು ಸಿಕ್ಕಿತು, ರಾಗಿ! ಸಕ್ಕರೆ ಹಾಕಿದ ರಾಗಿ ಗಂಜಿ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲ. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ನಮ್ಮ ಕಡೆಗೆ ಬಂದದ್ದು. ಹಾಸನದವಳಾದ ನಾನು ಮುದ್ದೆಯ ತವರುಮನೆಯಲ್ಲಿ ಕೂತಿದ್ದೆ. ಸುತ್ತ ನೋಡಿದರೆ ಬಾಳೆಯ ನೆರಳಲ್ಲಿ ಕಾಫಿ ಗಿಡ, ನಮ್ಮ ಸಕಲೇಶಪುರದ ಹಾಗೆಯೇ ತಣ್ಣನೆ ಗಾಳಿ. 1848ರಲ್ಲಿ ಈ ಬೆಟ್ಟದ ಹಿಮವನ್ನು ಕಂಡು ಯೂರೋಪಿಗೆ ತಿಳಿಸಿದ ರೆಬ್‌ಮನ್ ಎಂಬ ಮಿಷನರಿ ಓದಿದ್ದು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ. ನಮ್ಮ ಮೋಗ್ಲಿಂಗ್, ಕಿಟೆಲ್ ಅವರನ್ನು ಕಳಿಸಿಕೊಟ್ಟ ಅದೇ ಬಾಸೆಲ್ ಮಿಷನ್. ಇದನ್ನು ಹೇಳಿದಾಗ ಮಾಮಾ ನನ್ನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಒಂದು ನೋಟ್‌ಬುಕ್ಕಿನಲ್ಲಿ ದಿನದ ಲೆಕ್ಕ ಬರೆಯುತ್ತಿದ್ದೆ. ಇಂದು 41 ಮಕ್ಕಳು, 17 ಬಿಪಿ. ರಾತ್ರಿ ಪ್ರಾರ್ಥನೆಯಲ್ಲಿ ಅದನ್ನೇ ಕರ್ತನಿಗೆ ಒಪ್ಪಿಸುತ್ತಿದ್ದೆ. ಒಳ್ಳೆಯ ಸೇವಕಿ ಎನ್ನಿಸಿಕೊಳ್ಳುವ ಆಸೆ.

ಎರಡನೇ ವಾರದ ಒಂದು ಸಂಜೆ. ಐದು ಗಂಟೆ ಆಗಿತ್ತು. ರಿಜಿಸ್ಟರಿನಲ್ಲಿ ಕೆಂಪು ಗೆರೆ ಎಳೆದು ಪೆನ್ನು ಮುಚ್ಚಿದ್ದೆ. ಬಾಳೆ ತೋಟದ ಇಳಿಜಾರಿನಲ್ಲಿ ಕೋಲೂರಿಕೊಂಡು ಒಬ್ಬ ಅಜ್ಜಿ ಬಂದಳು. "ನಾಳೆ ಬರಲಿ ಮಾಮಾ" ಅಂದೆ. ಮಾಮಾ ನನಗೆ ಉತ್ತರ ಕೊಡಲಿಲ್ಲ. ಬೆಂಚನ್ನು ಒರೆಸಿ ಅಜ್ಜಿಯನ್ನು ಕೂರಿಸಿ, ತಾನೂ ಪಕ್ಕದಲ್ಲಿ ಕೂತು "ಶಿಕಮೋ" ಅಂದಳು. ನಿಮ್ಮ ಪಾದ ಹಿಡಿದೆ ಎಂಬ ಅರ್ಥದಿಂದ ಬಂದ ಮಾತಂತೆ ಅದು. "ಮರಹಬಾ" ಅಂದಳು ಅಜ್ಜಿ. ಆಮೇಲೆ ಮನೆ ಹೇಗಿದೆ, ಮೊಮ್ಮಕ್ಕಳು ಹೇಗಿದ್ದಾರೆ, ಮೇಕೆ ಹೇಗಿದೆ. ಹತ್ತು ನಿಮಿಷ ಕಾಯಿಲೆಯ ಸುದ್ದಿಯೇ ಇಲ್ಲ.

ಬಿಪಿ ಪಟ್ಟಿ ಸುತ್ತಿದೆ. ತೋಳು ಎಷ್ಟು ಸಣ್ಣದೆಂದರೆ ಪಟ್ಟಿ ಜಾರುತ್ತಿತ್ತು. ಆ ದೊಡ್ಡ ಪಟ್ಟಿಯಲ್ಲೇ ನೋಡಿದರೆ ಬಿಪಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಒಳಗಿನಿಂದ ಸಣ್ಣ ಪಟ್ಟಿ ತಂದು ಮತ್ತೆ ನೋಡಿದೆ. 190/110. ತೀರಾ ಹೆಚ್ಚು. ಕಾಫಿ ಹಣ್ಣು ಬಿಡಿಸಿ ಕಪ್ಪಾಗಿದ್ದ ಆ ಉಗುರುಗಳು ನನ್ನ ಮಣಿಕಟ್ಟನ್ನು ಹಿಡಿದುಕೊಂಡಿದ್ದವು. ನಾಳೆ ಬರಲಿ ಅಂದಿದ್ದೆನಲ್ಲ.

ಮಾತ್ರೆ ಕೊಟ್ಟು, ಒಬ್ಬ ಹುಡುಗನನ್ನು ಜೊತೆ ಮಾಡಿ ಕಳಿಸಿದ ಮೇಲೆ ಮಾಮಾ ರಿಜಿಸ್ಟರಿನಲ್ಲಿ ಹೊತ್ತು ಬರೆಸಿದಳು: ಸಾ ಕುಮಿ ನಾ ಮೋಜಾ. ಹನ್ನೊಂದನೇ ಗಂಟೆ. ಆಗ ಮೈ ಜುಮ್ಮೆಂದಿತು. ಸತ್ಯವೇದದ, ಅಂದರೆ ಬೈಬಲಿನ, ಕಾಲದ ಎಣಿಕೆಯೂ ಇದೇ ಅಲ್ಲವೇ! ಮತ್ತಾಯ 20ರಲ್ಲಿ ದ್ರಾಕ್ಷೇತೋಟದ ಯಜಮಾನ ಕೊನೆಯ ಆಳುಗಳನ್ನು ಕರೆದದ್ದು ಹನ್ನೊಂದನೇ ಗಂಟೆಗೆ, ಸಂಜೆ ಐದಕ್ಕೆ. ಬೆಳಗ್ಗೆಯಿಂದ ದುಡಿದವರಿಗೆ ಕೊಟ್ಟ ಅದೇ ಒಂದು ದಿನಾರಿ ನಾಣ್ಯದ ಕೂಲಿ ಅವರಿಗೂ. ಮೊದಲು ಬಂದವರು ಗೊಣಗಿದರು. ಯೇಸು ಹೇಳಿದ ಆ ಸಾಮ್ಯದ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ, ಸಂಡೇ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದೇನೆ. ಬೆಳಗ್ಗೆಯಿಂದ ದುಡಿದು, ಕೊನೆಗೆ ಗೊಣಗಿದ ಆಳು ನಾನೇ ಎಂದು ಆ ದಿನದವರೆಗೆ ಹೊಳೆದಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಅಂದಿನಿಂದ ಸಂಖ್ಯೆ ಬರೆಯಲಿಲ್ಲ, ಹೆಸರು ಬರೆದು ಒಬ್ಬೊಬ್ಬರಿಗಾಗಿ ಪ್ರಾರ್ಥಿಸಿದೆ. ಊರಿಗೆ ಬಂದ ಮೇಲೂ ಅದನ್ನು ಬಿಟ್ಟಿಲ್ಲ. ಅರಕಲಗೂಡು ಕಡೆಯಿಂದ ತಡವಾಗಿ ಬರುವ ಅಜ್ಜಂದಿರಿಗೆ ಮೊದಲು "ಬಸ್ ಸಿಕ್ತಾ ಅಜ್ಜ, ಮನೇಲೆಲ್ಲ ಹೆಂಗವ್ರೆ?" ಅನ್ನುತ್ತೇನೆ. ವಾರ್ಡು ತುಂಬಿರುವ ದಿನ ಅದೂ ಆಗುವುದಿಲ್ಲ. ಆಗ ನೋವಾಗುತ್ತದೆ, ಮೊದಲು ಆಗುತ್ತಿರಲಿಲ್ಲ.

ಕೊನೆಯ ಭಾನುವಾರ ಆರಾಧನೆ ಮುಗಿದ ಮೇಲೆ ದೇವಾಲಯದ ಹೊರಗೆ ಹರಾಜು. ಹಣವಿಲ್ಲದವರು ಕಾಣಿಕೆಯಾಗಿ ತಂದ ಬಾಳೆಗೊನೆ, ಕೋಳಿ, ಕಬ್ಬು, ಎಲ್ಲವನ್ನೂ ಕೂಗುತ್ತಾರೆ. ನಮ್ಮ ಸುಗ್ಗಿ ಹಬ್ಬದಲ್ಲಿ ವರ್ಷಕ್ಕೊಮ್ಮೆ ಆಗುವುದು ಅಲ್ಲಿ ವಾರವಾರವೂ. ಅಜ್ಜಿ ಎರಡು ಮೊಟ್ಟೆ ತಂದಿದ್ದಳು. ಸಭೆಯ ಹಿರಿಯರೊಬ್ಬರು ಕೂಗಿ ಕೊಂಡು, ನೇರವಾಗಿ ಬಂದು ನನ್ನ ಕೈಗಿಟ್ಟರು. ನಾನು ಬೇಡ ಬೇಡ ಎಂದು ಹಿಂದೆ ಸರಿದೆ. "ತಗೋ" ಅಂದಳು ಮಾಮಾ, "ಅವಳು ನೋಡ್ತಿದ್ದಾಳೆ."

ರಾತ್ರಿ ಬೇಯಿಸಿದೆವು. ನಾವು ಆರು ಜನ, ಮಾಮಾ ಏಳನೆಯವಳು. ಮಾಮಾ ದಾರ ಎಳೆದು ಒಂದೊಂದನ್ನೂ ನಾಲ್ಕು ಹೋಳು ಮಾಡಿದಳು. ಎಲ್ಲರಿಗೂ ಒಂದೊಂದು, ಮೇಲೆ ಉಪ್ಪು. ಎಂಟನೇ ಹೋಳನ್ನು ನನ್ನ ತಟ್ಟೆಗೆ ಹಾಕಿದಳು. ಬೇಡ ಅನ್ನಲಿಲ್ಲ, ತಿಂದೆ.